ಮಡಿಸಿಟ್ಟ ಚಾಕಿನೊಳಗಿನ ತುಕ್ಕು

ಯಲಹಂಕ ಉಪನಗರದ ಮನೆಯೊಂದರಲ್ಲಿ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಅಟ್ಟ ಗುಡಿಸುವಾಗ ಒಂದು ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಅದರೊಳಗೆ ಖಾಲಿಯಾದ ಬೀಜದ ಪೊಟ್ಟಣಗಳು, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯ ಸುರುಳಿ, ಚರ್ಮದ ಚೀಲದಲ್ಲಿ ಒಂದು ಮಡಿಚುವ ಚಾಕು ಇದ್ದವು. ಮನೆಯ ಯಜಮಾನರು ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದಷ್ಟು ಕಾಲ ಆ ಚಾಕು ಅವರ ಜೇಬು ಬಿಟ್ಟು ಕದಲಿರಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಅದು ಡಬ್ಬಿ ಸೇರಿ ಮೂರು ಮಳೆಗಾಲ ಅಲ್ಲೇ ಕಳೆದಿತ್ತು. ಅಲಗಿನ ಬುಡದಲ್ಲಿ ‘ಸ್ಟೇನ್‌ಲೆಸ್’ ಎಂದು ಅಚ್ಚೊತ್ತಿತ್ತು. ತುಕ್ಕು ಹಿಡಿಯದ ಉಕ್ಕು ಎಂದ ಮೇಲೆ ಒರೆಸಿ, ಎಣ್ಣೆ ಹಚ್ಚಿ ಇಡಬೇಕೆಂದು ಯಾರಿಗೂ ತೋಚಿರಲಿಲ್ಲ.

ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆದರೆ ಚಾಕು ಜಪ್ಪಯ್ಯ ಅನ್ನಲಿಲ್ಲ. ಎರಡನೇ ಸಲ ಬಲವಾಗಿ ಎಳೆದಾಗ ಕರಕರ ಸದ್ದು ಮಾಡುತ್ತ ಅರ್ಧ ತೆರೆದು ನಿಂತಿತು. ಹಿಡಿಯ ಸಂದಿನಿಂದ ಇಟ್ಟಿಗೆ ಬಣ್ಣದ ಪುಡಿ ಅಂಗೈಗೆ ಉದುರಿತು. ಪೂರ್ತಿ ತೆರೆದು ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡ ನೋಟವೇ ಬೇರೆ. ಅಲಗಿನ ನಡುಭಾಗ ಇನ್ನೂ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ತುಕ್ಕು ಹಿಡಿದಿದ್ದು ಅಚ್ಚೊತ್ತಿದ ಅಕ್ಷರಗಳ ಒಳಗೆ, ಉಗುರಿನ ಗೀರಿನಲ್ಲಿ, ಕೀಲಿನ ಸುತ್ತ, ಬೆನ್ನಿನ ಸ್ಪ್ರಿಂಗಿನ ಒಳಮೈಯಲ್ಲಿ. ಭೂತಗನ್ನಡಿ ಹಿಡಿದರೆ ಕೀಲಿನ ಹತ್ತಿರ ಸೂಜಿಮೊನೆಯಲ್ಲಿ ಚುಚ್ಚಿದಂಥ ಏಳೆಂಟು ಕಪ್ಪು ಚುಕ್ಕಿಗಳು, ಪ್ರತಿಯೊಂದರ ಸುತ್ತಲೂ ಕಿತ್ತಳೆ ಬಣ್ಣದ ಸಣ್ಣ ಉಂಗುರ. ಅವು ಮೇಲೆ ಅಂಟಿಕೊಂಡ ಕಲೆಗಳಲ್ಲ, ಒಳಕ್ಕೆ ಇಳಿದ ಗುಂಡಿಗಳು.

ಗಾಳಿ, ಬೆಳಕು, ಧೂಳು ಎಲ್ಲಕ್ಕೂ ಮೈಯೊಡ್ಡಿದ ಭಾಗ ಉಳಿಯಿತು; ಮುಚ್ಚಿ ಜೋಪಾನವಾಗಿದ್ದ ಭಾಗವೇ ಕೊರೆದುಹೋಯಿತು. ಸ್ಟೇನ್‌ಲೆಸ್ ಉಕ್ಕು ಹೇಗೆ ಬದುಕುತ್ತದೆ ಎಂಬ ಸಂಗತಿಯೆಲ್ಲ ಈ ಒಂದು ವೈಚಿತ್ರ್ಯದಲ್ಲೇ ಅಡಗಿದೆ.

ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಸಿಕ್ಕರೆ ಅದು ತಾನು ಬಂದ ಅದಿರಿನ ಸ್ಥಿತಿಗೆ ಮರಳಲು ಹೊರಡುತ್ತದೆ; ನಾವು ತುಕ್ಕು ಎನ್ನುವುದು ಅದನ್ನೇ. ಉಕ್ಕಿಗೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆಸಿದರೆ ಕಥೆ ಬದಲಾಗುತ್ತದೆ. ಗಾಳಿಯ ಆಮ್ಲಜನಕವನ್ನು ಕ್ರೋಮಿಯಂ ಮೊದಲೇ ಹಿಡಿದುಕೊಂಡು ಲೋಹದ ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಬರೀ ಒಂದೆರಡು ನ್ಯಾನೋಮೀಟರು, ಅಂದರೆ ತಲೆಗೂದಲಿನ ಹತ್ತಾರು ಸಾವಿರದಲ್ಲೊಂದು ಪಾಲು. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಪೊರೆ. ಬಣ್ಣ ಅಥವಾ ಮುಲಾಮಿನ ಲೇಪ ಕೆರೆದುಹೋದರೆ ಹೋದಂತೆಯೇ. ಈ ಪೊರೆ ಕೆರೆದರೂ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ, ಕ್ಷಣಮಾತ್ರದಲ್ಲಿ ಕಟ್ಟಿಕೊಳ್ಳಲು ತೊಡಗುತ್ತದೆ. ಆದರೆ ಕಟ್ಟಿಕೊಳ್ಳಲು ಅದಕ್ಕೆ ಆಮ್ಲಜನಕ ಬೇಕು. ಒದ್ದೆಯಾಗಿ ಮಡಿಸಿಟ್ಟ ಚಾಕಿನ ಸಂದಿನಲ್ಲಿ ಅದು ಸಿಗುವುದಿಲ್ಲ. ಅಲ್ಲಿ ನಿಂತ ಹನಿಯೊಳಗಿನ ಆಮ್ಲಜನಕ ಬೇಗ ಮುಗಿದುಹೋಗುತ್ತದೆ, ಹೊಸದು ಒಳಕ್ಕೆ ಬರಲು ದಾರಿಯಿಲ್ಲ. ಆ ಹೊತ್ತಿಗೆ ಹನಿಯಲ್ಲಿ ಉಪ್ಪಿನ ಅಂಶವಿದ್ದರೆ ಅದರ ಕ್ಲೋರೈಡು ಪೊರೆಯ ದುರ್ಬಲ ಜಾಗ ಹುಡುಕಿ ತೂತು ಮಾಡುತ್ತದೆ. ತೂತಿನೊಳಗೆ ಕರಗಿದ ಲೋಹವು ನೀರಿನೊಡನೆ ಕೂಡಿ ಆಮ್ಲ ಹುಟ್ಟಿಸುತ್ತದೆ. ಆಮ್ಲ ಇನ್ನಷ್ಟು ಲೋಹವನ್ನು ಕರಗಿಸುತ್ತದೆ. ಒಮ್ಮೆ ಶುರುವಾದ ಗುಂಡಿ ತನ್ನ ಆಹಾರವನ್ನು ತಾನೇ ಬೇಯಿಸಿಕೊಂಡು ಆಳಕ್ಕೆ ಇಳಿಯುತ್ತ ಹೋಗುತ್ತದೆ.

ತುಕ್ಕಿನ ಇನ್ನೊಂದು ಮುಖ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಇದೇ ಯಲಹಂಕದಲ್ಲಿ 1984ರಿಂದ ರೈಲು ಗಾಲಿ ಕಾರ್ಖಾನೆ ಇದೆ. ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ಯಲಹಂಕ ಜಂಕ್ಷನ್ನಿನಲ್ಲಿ ನಿಂತ ಗೂಡ್ಸ್ ಬಂಡಿಯ ಗಾಲಿಯನ್ನು ನೋಡಿದರೆ ಅದರ ಮೈಯೆಲ್ಲ ಕಂದು, ಹಳಿಗೆ ತಾಗುವ ಅಂಚು ಮಾತ್ರ ಕನ್ನಡಿ. ಆ ಕಂದು ಮೈ ತುಂಬ ಒಂದೇ ಸಮನಾಗಿ ಹರಡಿದ ತುಕ್ಕು. ಕಣ್ಣಿಗೆ ಕಾಣುತ್ತದೆ, ಎಷ್ಟು ಸವೆದಿದೆ ಎಂದು ಅಳೆಯಬಹುದು, ಅಂಗೈ ದಪ್ಪದ ಉಕ್ಕಿಗೆ ಅದೊಂದು ಲೆಕ್ಕವೂ ಅಲ್ಲ. ಚಾಕಿನ ಗುಂಡಿ ಹಾಗಲ್ಲ. ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಪಾಲು ಹೊಳೆಯುತ್ತಿರುವಾಗಲೇ ಉಳಿದ ಒಂದು ಪಾಲಿನಲ್ಲಿ ಹಲ್ಲು ಹುಳುಕಾದಂತೆ ಒಳಗೇ ಕೊರೆಯುತ್ತದೆ.

ಹಾಗಾದರೆ ಅಡಿಗೆಮನೆಯ ಸ್ಟೀಲ್ ಡಬರಿ, ತಟ್ಟೆ, ಲೋಟಗಳು ದಿನಕ್ಕೆ ಮೂರು ಹೊತ್ತು ಉಪ್ಪು, ಹುಳಿ, ನೀರು ಕಂಡರೂ ವರ್ಷಗಟ್ಟಲೆ ಹಾಗೇ ಇರುತ್ತವಲ್ಲ? ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಆಯಸ್ಕಾಂತವನ್ನು ಒಳ್ಳೆಯ ಸ್ಟೀಲ್ ಪಾತ್ರೆಯ ತಳಕ್ಕೆ ಹಿಡಿದರೆ ಅದು ಜಾರಿ ಬೀಳುತ್ತದೆ. ಚಾಕಿನ ಅಲಗಿಗೆ ಹಿಡಿದರೆ ಗಪ್ಪನೆ ಕಚ್ಚಿಕೊಳ್ಳುತ್ತದೆ. ಹೆಸರು ಒಂದೇ, ಕುಲ ಬೇರೆ. ಒಳ್ಳೆಯ ಪಾತ್ರೆಯ ಉಕ್ಕಿನಲ್ಲಿ ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ, ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಅದು ತುಕ್ಕು ತಡೆಯುತ್ತದೆ, ಆದರೆ ಮೆದು. ಅದರಿಂದ ಚಾಕು ಮಾಡಿದರೆ ಅಲಗು ಎರಡೇ ದಿನಕ್ಕೆ ಮೊಂಡು. ಅಲಗು ಹರಿತ ಹಿಡಿದು ನಿಲ್ಲಬೇಕಾದರೆ ಉಕ್ಕನ್ನು ಕಾಯಿಸಿ ಹದ ಹಾಕಬೇಕು, ಹದ ಕೂಡಬೇಕಾದರೆ ಇಂಗಾಲ ಬೇಕು. ಆ ಇಂಗಾಲ ಸುಮ್ಮನಿರುವುದಿಲ್ಲ, ಕ್ರೋಮಿಯಂನ ಒಂದು ಪಾಲನ್ನು ತನ್ನತ್ತ ಸೆಳೆದು ಗಡುಸಾದ ಹರಳುಗಳಾಗಿ ಕಟ್ಟಿಹಾಕುತ್ತದೆ. ಹರಳಾದ ಕ್ರೋಮಿಯಂ ಪೊರೆ ಕಟ್ಟಲು ಬರುವುದಿಲ್ಲ. ಸಾಮಾನ್ಯ ಜೇಬುಚಾಕಿನ ಉಕ್ಕಿನಲ್ಲಿ ಮೊದಲಿಗೇ ಕ್ರೋಮಿಯಂ ಇರುವುದು ಶೇ 13ರ ಆಸುಪಾಸು. ಅದರಲ್ಲೂ ಇಂಗಾಲದ ಪಾಲು ಕಳೆದರೆ ಗಡಿಯ ಮೇಲೆ ನಿಂತ ಹಾಗೆಯೇ. ಹರಿತಕ್ಕಾಗಿ ತೆತ್ತ ಬೆಲೆ ಅದು.

ಅಗ್ಗದ ಚಾಕುಗಳಲ್ಲಿ ಇನ್ನೂ ಒಂದು ಸಂಗತಿ ಇದೆ. ಅಲಗು ಮಾತ್ರ ಸ್ಟೇನ್‌ಲೆಸ್, ಬೆನ್ನಿನ ಸ್ಪ್ರಿಂಗೂ ಕೀಲಿನ ಮೊಳೆಯೂ ಸಾದಾ ಉಕ್ಕು. ಮೊದಲು ತುಕ್ಕು ಹಿಡಿಯುವುದು ಅವಕ್ಕೆ. ಅಲ್ಲಿಂದ ಉದುರಿದ ಪುಡಿ ಅಲಗಿನ ಮೇಲೆ ಕೂತು ಒದ್ದೆ ಹಿಡಿದಿಟ್ಟುಕೊಂಡು ಅಲ್ಲೂ ಹುಣ್ಣು ಎಬ್ಬಿಸುತ್ತದೆ. ಹಿಡಿಯ ಒಳಗೋಡೆ ಹಿತ್ತಾಳೆಯದಾದರೆ ಒಂದೇ ಚಾಕಿನೊಳಗೆ ಒಂದು ಮಗ್ಗುಲಲ್ಲಿ ಹಸಿರು ಕಿಲುಬು, ಇನ್ನೊಂದು ಮಗ್ಗುಲಲ್ಲಿ ಕೆಂಪು ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಕೀಲು ಬಿಗಿದುಕೊಂಡು ಚಾಕು ತೆರೆಯದೆ ಹೋಗುವುದು ಅದಕ್ಕೇ.

ಬೆಂಗಳೂರು ಸಮುದ್ರದಿಂದ ದೂರ, ಸುಮಾರು 900 ಮೀಟರು ಎತ್ತರದಲ್ಲಿರುವ ಊರು. ಮಂಗಳೂರಿನಲ್ಲಿ ಕಿಟಕಿಯ ಸರಳನ್ನು ತಿನ್ನುವ ಉಪ್ಪುಗಾಳಿ ಇಲ್ಲಿಲ್ಲ. ಹಾಗಾದರೆ ಚಾಕಿಗೆ ಉಪ್ಪು ಎಲ್ಲಿಂದ ಬಂತು? ಮೊದಲನೆಯದು ಅಂಗೈ ಬೆವರಿನಿಂದ. ಜೇಬಿನಲ್ಲಿಟ್ಟ ಚಾಕು ದಿನವಿಡೀ ಮೈಬೆವರಿನ ಪಕ್ಕದಲ್ಲೇ ಇರುತ್ತದೆ. ಎರಡನೆಯದು ಕೊಳವೆಬಾವಿಯ ನೀರಿನಿಂದ. ಕಾವೇರಿ ಐದನೇ ಹಂತದ ನೀರು ನಗರದಂಚಿನ ಬಡಾವಣೆಗಳಿಗೆಂದು 2024ರ ಅಕ್ಟೋಬರಿನಲ್ಲಿ ಹರಿಯತೊಡಗಿದರೂ, ಉತ್ತರ ಬೆಂಗಳೂರಿನ ಎಷ್ಟೋ ಮನೆ, ನರ್ಸರಿ, ತೋಟಗಳು ಇವತ್ತಿಗೂ ಕೊಳವೆಬಾವಿಯನ್ನೇ ನಂಬಿವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡು ಸ್ವೀಕಾರಾರ್ಹ; ಬೇರೆ ನೀರೇ ಇಲ್ಲದ ಕಡೆ 1000ದವರೆಗೂ ಒಪ್ಪಿಗೆ ಇದೆ. ಕುಡಿಯುವವರಿಗೆ ಆ ಮಿತಿ ಸರಿಯೇ. ಆದರೆ ಚಾಕು ತೊಳೆದು ಒರೆಸದೆ ಬಿಟ್ಟಾಗ ಹನಿಯ ನೀರು ಆರಿಹೋಗಿ ಉಪ್ಪು ಮಾತ್ರ ಉಳಿಯುತ್ತದೆ. ಒಣಗುತ್ತ ಒಣಗುತ್ತ ಹನಿ ಗಟ್ಟಿಯಾಗುತ್ತದೆ. ಕೊನೆಯ ಘಳಿಗೆಯಲ್ಲಿ ಅಲಗಿನ ಮೇಲೆ ಕೂತಿರುವುದು ತೊಟ್ಟು ಉಪ್ಪುನೀರೇ. ಜುಲೈಯಿಂದ ಸೆಪ್ಟೆಂಬರಿನವರೆಗೆ ಬೆಳಗಿನ ಗಾಳಿಯ ತೇವಾಂಶ ಶೇ 80 ದಾಟುವುದು ಇಲ್ಲಿ ಸಾಮಾನ್ಯ. ಒಣಗಿದ ಉಪ್ಪು ಆ ತೇವವನ್ನು ಹೀರಿ ಮತ್ತೆ ಒದ್ದೆಯಾಗುತ್ತದೆ, ಅಟ್ಟದ ಮೇಲೆ, ಡಬ್ಬಿಯೊಳಗೇ.

ಮೂರನೆಯದು ಯಜಮಾನರ ಕಸುಬಿನಿಂದಲೇ ಬಂದದ್ದು. ಉತ್ತರ ಬೆಂಗಳೂರು ಕಸಿ ಕಟ್ಟುವವರ ಸೀಮೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 1899ರಲ್ಲಿ ಕೊಟ್ಟ 30 ಎಕರೆಯಲ್ಲಿ ಬೇಸಾಯದ ಪ್ರಯೋಗಗಳು ಶುರುವಾದವು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು, 1967ರಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹುಟ್ಟಿತು. ಹೆಸರಘಟ್ಟ ಅದರ ನೆಲೆ. ಮಾವಿಗೆ ಮೃದುಕಾಂಡ ಕಸಿ, ಗುಲಾಬಿಗೆ ಕಣ್ಣುಕಸಿ, ದೇವನಹಳ್ಳಿ ಚಕ್ಕೋತಕ್ಕೆ ತೊಗಟೆ ಸುಲಿದು ಗೂಟಿ ಕಟ್ಟುವುದು. ಎಲ್ಲಕ್ಕೂ ಬೇಕಾದ್ದು ಒಂದೇ, ಕೂದಲು ಸೀಳುವ ಹರಿತದ ಮಡಿಚುವ ಚಾಕು. ಆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಬಂದ ರೈತರು ಅಂಥ ಚಾಕನ್ನು ಕೈಗೆತ್ತಿಕೊಂಡು ಹೆಬ್ಬೆರಳ ಉಗುರಿನ ಮೇಲೆ ಅಲಗಿಟ್ಟು ಹರಿತ ಪರೀಕ್ಷಿಸುವುದನ್ನು ನೋಡುವುದೇ ಒಂದು ಚೆಂದ.

ಗಿಡದ ರಸ ಚಾಕಿಗೆ ಸಾಧುವಲ್ಲ. ಮಾವಿನ ಸೊನೆ ಹುಳಿ; ಚಕ್ಕೋತವೂ ಹುಳಿ; ಸೀಬೆ, ದಾಳಿಂಬೆಯ ತೊಗಟೆ ಒಗರು. ಒಗರಿನ ಟ್ಯಾನಿನ್ ಕಬ್ಬಿಣದೊಡನೆ ಕೂಡಿದರೆ ನೀಲಿಗಪ್ಪು ಬಣ್ಣ ಬರುತ್ತದೆ. ಬಾಳೆಕಾಯಿಯನ್ನೋ ಬಾಳೆಹೂವನ್ನೋ ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದ ಕೈಗಳಿಗೆ ಆ ಕಪ್ಪು ಚೆನ್ನಾಗಿ ಗೊತ್ತು. ಅದು ಅಷ್ಟೇನೂ ಕೆಡುಕಲ್ಲ. ನಿಜವಾದ ಕೆಡುಕು ಒಳ್ಳೆಯ ಉದ್ದೇಶದಿಂದ ಬರುತ್ತದೆ. ಒಂದು ಗಿಡದ ರೋಗ ಇನ್ನೊಂದಕ್ಕೆ ಅಂಟಬಾರದೆಂದು ಚಾಕನ್ನು ಬ್ಲೀಚಿಂಗ್ ದ್ರಾವಣದಲ್ಲಿ ಅದ್ದುವ ರೂಢಿ ಇದೆ. ರೋಗಾಣು ಸಾಯುತ್ತದೆ, ಸರಿ. ಆದರೆ ಆ ದ್ರಾವಣ ಕ್ಲೋರೈಡಿನ ಗಣಿ. ಪೊರೆಯನ್ನು ಒಡೆಯಲು ಅದಕ್ಕಿಂತ ಚುರುಕಾದ ವಸ್ತು ನರ್ಸರಿಯಲ್ಲಿ ಇನ್ನೊಂದಿಲ್ಲ. ಅದ್ದಿದ ಚಾಕನ್ನು ಶುದ್ಧ ನೀರಿನಲ್ಲಿ ಜಾಲಿಸದೆ ಮಡಿಸಿ ಜೇಬಿಗಿಟ್ಟರೆ ವಿಷವನ್ನು ಬಾಟಲಿಗೆ ಹಾಕಿ ಬಿರಡೆ ಬಿಗಿದ ಹಾಗೆ. ಶೇ 70ರ ಆಲ್ಕೋಹಾಲಿನಲ್ಲಿ ಒರೆಸಿದರೆ ರೋಗಾಣುವೂ ಸಾಯುತ್ತದೆ, ಚಾಕೂ ಉಳಿಯುತ್ತದೆ.

ಇನ್ನು ಚರ್ಮದ ಚೀಲ. ಅದರೊಳಗಿಟ್ಟರೆ ಚಾಕು ಭದ್ರ ಎಂದೇ ಎಲ್ಲರ ನಂಬಿಕೆ. ಆದರೆ ಹದ ಮಾಡಿದ ಚರ್ಮ ಗಾಳಿಯ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹದಕ್ಕೆ ಬಳಸಿದ ಒಗರೂ ಹುಳಿಯೂ ಅದರಲ್ಲಿ ಉಳಿದಿರುತ್ತವೆ. ದಕ್ಷಿಣದಲ್ಲಿ ಚರ್ಮ ಹದ ಮಾಡಲು ಬಹುಕಾಲ ಬಳಸಿದ್ದು ತಂಗಡಿ ಗಿಡದ ತೊಗಟೆ. ದಾರಿಬದಿಯ ಬರಡು ನೆಲದಲ್ಲಿ ಹಳದಿ ಹೂ ಬಿಟ್ಟು ನಿಂತಿರುವ ಆ ತಂಗಡಿಗೂ ಚಾಕಿನ ಉಕ್ಕಿಗೂ ಇದಕ್ಕಿಂತ ಹಳೆಯ, ಇದಕ್ಕಿಂತ ದೊಡ್ಡ ನಂಟೊಂದಿದೆ.

ಟಿಪ್ಪು ಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚಾರ ಹೊರಟ. ಮಾಗಡಿಯ ಸುತ್ತಮುತ್ತ ಕಮ್ಮಾರರು ಉಕ್ಕು ಮಾಡುವುದನ್ನು ಕೂತು ನೋಡಿ ಬರೆದುಕೊಂಡ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿಯ ಕಡ್ಡಿ, ಮೇಲೊಂದಿಷ್ಟು ಹಸಿ ಎಲೆ ಇಟ್ಟು, ಬಾಯಿ ಮೆತ್ತಿ, ಕುಲುಮೆಯಲ್ಲಿ ತಿದಿ ಊದಿ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತಿತ್ತು. ಹಾಗೆ ಮೂಸೆಯಲ್ಲಿ ಉಕ್ಕು ಮಾಡಿದ ಕುರುಹು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲೂ ಸಿಕ್ಕಿದೆ. ಈ ಪರಂಪರೆಯನ್ನು ಹಲವು ವರ್ಷ ಅಭ್ಯಾಸ ಮಾಡಿದ ಶಾರದಾ ಶ್ರೀನಿವಾಸನ್ ಅವರ ಸಂಸ್ಥೆ ಇರುವುದು ಯಶವಂತಪುರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ. ಯುರೋಪಿನವರು ಈ ಉಕ್ಕನ್ನು ‘ವೂಟ್ಸ್’ ಎಂದು ಕರೆದರು. ನಮ್ಮ ‘ಉಕ್ಕು’ ಪದವೇ ಅವರ ಬಾಯಲ್ಲಿ ಹಾಗಾಯಿತು ಎಂಬುದು ಬಹುಪಾಲು ವಿದ್ವಾಂಸರು ಒಪ್ಪುವ ಮಾತು.

ಭಾರತದಿಂದ ಬಂದ ವೂಟ್ಸ್ ಗಟ್ಟಿಗಳನ್ನು ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಪರೀಕ್ಷಿಸಿ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದ. ಆಗ ಸೊಸೈಟಿಯ ಅಧ್ಯಕ್ಷರ ಇಚ್ಛೆಯಂತೆ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕ ಒಂದು ತುಂಡು ವೂಟ್ಸನ್ನು ಬಡಿದು ಮಾಡಿಕೊಟ್ಟದ್ದು ಏನು ಗೊತ್ತೇ? ಒಂದು ಲೇಖನಿ ಚಾಕು. ಹಕ್ಕಿಗರಿಯ ಲೇಖನಿ ಹೆರೆಯುವ ಪುಟ್ಟ ಚಾಕು. ಅದರ ಹರಿತ ಅಲ್ಲಿನ ಅತ್ಯುತ್ತಮ ಉಕ್ಕಿನ ಚಾಕಿಗೆ ಸರಿಸಮ ಎಂದು ಪಿಯರ್ಸನ್ ದಾಖಲಿಸಿದ. ಸ್ಟೊಡಾರ್ಟನಿಗೆ ಆ ಉಕ್ಕಿನ ಗುಂಗು ಬಿಡಲಿಲ್ಲ. ಮುಂದೆ ಕಮ್ಮಾರನ ಮಗನೇ ಆದ ಮೈಕೆಲ್ ಫ್ಯಾರಡೆಯ ಜೊತೆಗೂಡಿ ಅದರ ಗುಟ್ಟು ಬಿಡಿಸಲು ಹೊರಟ. ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ನಿಕ್ಕಲ್ ಹೀಗೆ ಒಂದೊಂದನ್ನೇ ಬೆರೆಸಿ ಹರಿತ ಹೆಚ್ಚುವುದೇ, ತುಕ್ಕು ತಗ್ಗುವುದೇ ಎಂದು ಇಬ್ಬರೂ ನೋಡಿದರು. 1821ರಲ್ಲಿ ಫ್ರಾನ್ಸಿನ ಪಿಯೆರ್ ಬೆರ್ತಿಯೆ, ಕ್ರೋಮಿಯಂ ಬೆರೆತ ಕಬ್ಬಿಣ ಆಮ್ಲಕ್ಕೆ ಜಗ್ಗುವುದಿಲ್ಲ ಎಂದು ತೋರಿಸಿದ. ಮರುವರ್ಷ ಫ್ಯಾರಡೆ, ಸ್ಟೊಡಾರ್ಟರೂ ಉಕ್ಕಿಗೆ ಕ್ರೋಮಿಯಂ ಹಾಕಿದರು, ಆದರೆ ಹಾಕಿದ್ದು ಶೇ 3ರವರೆಗೆ ಮಾತ್ರ. ಪೊರೆ ಕಟ್ಟಲು ಬೇಕಾದ್ದು ಅದರ ಮೂರೂವರೆ ಪಟ್ಟು. ಬಾಗಿಲವರೆಗೆ ಬಂದು ಹಿಂತಿರುಗಿದಂತಾಯಿತು.

ಆ ಬಾಗಿಲು ತೆರೆದದ್ದು 1913ರ ಆಗಸ್ಟಿನಲ್ಲಿ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಬಂದೂಕಿನ ನಳಿಗೆ ಸವೆಯದಂತೆ ಮಾಡಲು ಹೊರಟಿದ್ದ ಹ್ಯಾರಿ ಬ್ರಿಯರ್ಲಿ ಶೇ 12.8 ಕ್ರೋಮಿಯಂ, ಶೇ 0.24 ಇಂಗಾಲದ ಉಕ್ಕು ಎರೆದ. ಆಮ್ಲ ಅದನ್ನು ಕಚ್ಚಲಿಲ್ಲ. ಚಾಕಿನ ಊರಾದ ಶೆಫೀಲ್ಡಿನ ಮಗನಿಗೆ ಬಂದೂಕು ಮರೆತುಹೋಗಿ ಚಾಕು ಹೊಳೆಯಿತು. ಮೊದಮೊದಲು ಅಲ್ಲಿನ ಕಸುಬುದಾರರು ಅದನ್ನು ಸರಿಯಾದ ಕಾವಿನಲ್ಲಿ ಹದ ಹಾಕಲು ಬಾರದೆ ಇದು ಕೊಯ್ಯದ ಚಾಕು ಎಂದು ತಳ್ಳಿಹಾಕಿದರು. ಎರ್ನೆಸ್ಟ್ ಸ್ಟುವರ್ಟ್ ಎಂಬ ಚಾಕು ಕಾರ್ಖಾನೆಯ ವ್ಯವಸ್ಥಾಪಕ ಅದನ್ನು ವಿನಿಗರಿನಲ್ಲಿ ಅದ್ದಿ ನೋಡಿ, ಕಲೆ ಕೂರದ್ದನ್ನು ಕಂಡು ‘ಸ್ಟೇನ್‌ಲೆಸ್’ ಎಂಬ ಹೆಸರು ಕೊಟ್ಟ. ವಿನಿಗರಿನ ಕಲೆ ಕೂರದು ಎಂದಷ್ಟೇ ಆ ಹೆಸರಿನ ಹುಟ್ಟು. ಉಪ್ಪುನೀರಿನಲ್ಲಿ ಮಡಿಸಿಟ್ಟರೂ ಏನೂ ಆಗದು ಎಂದು ಯಾರೂ ಮಾತು ಕೊಟ್ಟಿರಲಿಲ್ಲ. ಯಲಹಂಕದ ಡಬ್ಬಿಯಲ್ಲಿ ಸಿಕ್ಕಂಥ ಚಾಕುಗಳ ಉಕ್ಕು ಇವತ್ತಿಗೂ ಬ್ರಿಯರ್ಲಿಯ ಆ ಉಕ್ಕಿನ ನೇರ ವಂಶವೇ.

ಇಂಥ ಚಾಕನ್ನು ಈಗ ಏನು ಮಾಡಬೇಕು? ಆರ್‌.ಟಿ. ನಗರದ ಬೀದಿಗಳಲ್ಲಿ ಸಾಣೆಚಕ್ರ ಹೊತ್ತು ಬರುವವರ ಕೈಗೆ ಕೊಟ್ಟರೆ ಕಿಡಿ ಹಾರಿಸಿ ಐದು ನಿಮಿಷದಲ್ಲಿ ಪಳಪಳ ಮಾಡಿಕೊಡುತ್ತಾರೆ. ಅವರ ಕೈಚಳಕ ದೊಡ್ಡದು, ಅಡಿಗೆಮನೆಯ ಕತ್ತಿ ಕತ್ತರಿಗೆ ಅವರೇ ದಿಕ್ಕು. ಆದರೆ ತೆಳು ಅಲಗು ಒಣ ಚಕ್ರದ ಮೇಲೆ ನೀಲಿ ಬಣ್ಣಕ್ಕೆ ತಿರುಗುವಷ್ಟು ಕಾದರೆ ಹದ ಇಳಿಯುತ್ತದೆ, ಆ ನೀಲಿಯ ಕೆಳಗಿನ ಪದರದಲ್ಲಿ ಕ್ರೋಮಿಯಂ ಕಡಿಮೆಯಾಗಿ ತುಕ್ಕಿಗೆ ದಾರಿಯಾಗುತ್ತದೆ. ಒರಟು ಗೀರುಗಳಲ್ಲಿ ತೇವವೂ ಹೆಚ್ಚು ನಿಲ್ಲುತ್ತದೆ. ನೀರು ಹಾಕಿದ ಸಾಣೆಕಲ್ಲಿನ ಮೇಲೆ ಕೈಯಿಂದ ತಿಕ್ಕುವುದೇ ಮೇಲು. ಪಾತ್ರೆ ಉಜ್ಜುವ ಕಬ್ಬಿಣದ ನಾರನ್ನಂತೂ ಮುಟ್ಟಿಸಬಾರದು. ಅದರ ಎಳೆಯ ಚೂರುಗಳು ಅಲಗಿನಲ್ಲಿ ಸಿಕ್ಕಿಕೊಂಡು ತಾವೇ ತುಕ್ಕು ಹಿಡಿಯುತ್ತವೆ.

ಬಿಸಿನೀರು, ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ಷು ಮೊದಲು. ಕೀಲಿನ ಸಂದಿಗೆ ಬ್ರಷ್ಷು ಹೋಗದಿದ್ದರೆ ಹಲ್ಲುಕಡ್ಡಿ. ಆಮೇಲೆ ಅಡಿಗೆ ಸೋಡಾವನ್ನು ನೀರಿನಲ್ಲಿ ಕಲಸಿ ತುಕ್ಕಿನ ಮೇಲೆ ಹಚ್ಚಿ ಉಜ್ಜುವುದು. ಮೊಂಡು ಬಿದ್ದ ಜಾಗಕ್ಕೆ ನಿಂಬೆರಸ ಹಚ್ಚಬಹುದು. ಕಾರ್ಖಾನೆಗಳಲ್ಲೂ ಸ್ಟೇನ್‌ಲೆಸ್ ಭಾಗಗಳ ಮೇಲಿನ ಕಬ್ಬಿಣದ ಕಣ ಕರಗಿಸಿ ಪೊರೆಗೆ ದಾರಿ ಮಾಡಿಕೊಡಲು ನಿಂಬೆಯದೇ ಸಿಟ್ರಿಕ್ ಆಮ್ಲವನ್ನು ಬಳಸುತ್ತಾರೆ. ಆದರೆ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು. ರಾತ್ರಿಯಿಡೀ ಬಿಟ್ಟರೆ ಮದ್ದೇ ರೋಗ. ಆಯುಧಪೂಜೆಯ ದಿನವೂ ಅಷ್ಟೆ. ವರ್ಷಕ್ಕೊಮ್ಮೆ ಮನೆಯ ಮಚ್ಚು, ಕುಡುಗೋಲು, ಸುತ್ತಿಗೆ, ಸ್ಪ್ಯಾನರುಗಳನ್ನೆಲ್ಲ ಹೊರಗೆ ತೆಗೆದು ತೊಳೆದು ಒರೆಸುವ ಆ ಪದ್ಧತಿ ಲೋಹದ ಮಟ್ಟಿಗೆ ದೊಡ್ಡ ಉಪಕಾರ. ಪೂಜೆ ಮುಗಿದ ಮೇಲೆ ಒದ್ದೆ ಕುಂಕುಮ, ನಿಂಬೆಯ ರಸ ಅಂಟಿದ ಹಾಗೇ ಮತ್ತೆ ಪೆಟ್ಟಿಗೆಗೆ ಸೇರಿಸದೆ ಇನ್ನೊಮ್ಮೆ ಒರೆಸಿಟ್ಟರೆ ಆಯಿತು.

ಎಣ್ಣೆಯ ವಿಷಯದಲ್ಲಿ ಬೆಂಗಳೂರಿನ ಹವೆಗೊಂದು ಮಾತಿದೆ. ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಯಲಹಂಕದಲ್ಲಿ ಕೀಲಿನೊಳಗೆ ಬೆಣ್ಣೆಯಂತೆ ಕೂತು ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹೆಪ್ಪುಗಟ್ಟುವುದಿಲ್ಲ, ಅಂಟಾಗುವುದಿಲ್ಲ. ಹಿಂದಿನವರು ಬಂಡಿಯ ಕೀಲಿಗೆ ಬಿಡುತ್ತಿದ್ದ ಹರಳೆಣ್ಣೆಯೂ ಒಣಗದ ಜಾತಿಯದು. ಎಲ್ಲಕ್ಕಿಂತ ಮಿಗಿಲಾದ ಆರೈಕೆ ಬಳಕೆ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ದಿನಕ್ಕೆ ನೂರು ಸಲ ತೆರೆದು, ಗೋಣಿಚೀಲದ ಹೊಲಿಗೆ ಬಿಚ್ಚಿ, ಅಂಗಿಯ ತುದಿಗೆ ಒರೆಸಿ ಮಡಿಸುವ ಚಾಕಿನ ಕೀಲಿನಲ್ಲಿ ತುಕ್ಕು ಕೂರಲು ಪುರುಸೊತ್ತೇ ಇರುವುದಿಲ್ಲ.

ಯಲಹಂಕದ ಆ ಚಾಕನ್ನು ಮನೆಯವರು ಎರಡು ಸಂಜೆ ಕೂತು ಶುಚಿ ಮಾಡಿದರು. ಇಟ್ಟಿಗೆ ಬಣ್ಣದ ನೀರು ಬರುವುದು ನಿಂತಿತು, ಅಕ್ಷರಗಳು ಮತ್ತೆ ಓದುವಂತಾದವು. ಕೀಲಿನ ಹತ್ತಿರದ ಗುಂಡಿಗಳು ಮಾತ್ರ ಹಾಗೇ ಉಳಿದವು. ಹೋದ ಲೋಹ ಮತ್ತೆ ಬರುವುದಿಲ್ಲ. ಯಜಮಾನರು ಪ್ರತಿ ಗುಂಡಿಗೂ ಬೆಂಕಿಕಡ್ಡಿಯ ತುದಿಯಿಂದ ಎಣ್ಣೆ ಮುಟ್ಟಿಸಿ, ಅಲಗನ್ನು ಅರ್ಧ ತೆರೆದು, ಚರ್ಮದ ಚೀಲವನ್ನು ಬೇರೆಯಾಗಿಟ್ಟು, ಚಾಕನ್ನು ಹಳೆಯ ಪತ್ರಿಕೆಯ ಮೇಲೆ ಕಿಟಕಿಯ ಕಟ್ಟೆಯಲ್ಲಿ ಬಿಸಿಲಿಗೆ ಇಟ್ಟರು. ಸಂಜೆ ಮಡಿಸಿದಾಗ ಅದು ಮೂರು ವರ್ಷದ ನಂತರ ಮೊದಲ ಬಾರಿಗೆ ಟಕ್ ಎಂದಿತು.